ಪುನರ್ವಸು ಮಳೆಗೆ ಬೀಳುವ ಆರ್‌ಸಿಸಿಬಿ: ಹೊಸ ಬೋರ್ಡ್ ಹಾಕಿಸಿದ ಮನೆಯಲ್ಲಿ ದೋಷ ಹುಡುಕಿದ ಬಗೆ

ಜುಲೈ ತಿಂಗಳು, ಪುನರ್ವಸು ಮಳೆ. ಮೂಡಿಗೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹಿಡಿದರೆ ಬಿಡುವ ಮಳೆಯಲ್ಲ ಅದು. ಸಂಜೆ ಆರೂವರೆ ಆಗುತ್ತಿದ್ದ ಹಾಗೆ ನಮ್ಮ ಮನೆಯಲ್ಲಿ ಟಕ್ ಅಂತ ಒಂದು ಸದ್ದು, ಆಮೇಲೆ ಕತ್ತಲು. ಪಕ್ಕದ ಮನೆಯಲ್ಲಿ ಕರೆಂಟ್ ಇದೆ. ಟಾರ್ಚ್ ಹಿಡಿದು ಹೋಗಿ ನೋಡಿದರೆ, ಎರಡು ತಿಂಗಳ ಹಿಂದೆ ಹಾಕಿಸಿದ ಹೊಸ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಕೆಳಗೆ ಬಿದ್ದಿರುತ್ತಿತ್ತು. ಎತ್ತಿದರೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಟಕ್.

"ಹಳೇ ಬೋರ್ಡ್ ಮೂವತ್ತು ವರ್ಷ ಇತ್ತು, ಒಂದು ದಿನ ಹೀಗೆ ಬೀಳಲಿಲ್ಲ" ಎಂದರು ಅಪ್ಪ. ಮಾತು ನಿಜ. ಬೀಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ ಅಷ್ಟೇ.

ಹಳೆಯದು ಹೇಗಿತ್ತು ಎಂದು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಹಂಚಿನ ಮನೆಗಳಲ್ಲಿ ಇವತ್ತಿಗೂ ಅಂಥದ್ದೇ ಇದೆ. ಮರದ ಹಲಗೆ, ಅದರ ಮೇಲೆ ಪಿಂಗಾಣಿಯ ನಾಲ್ಕು ಕಿಟ್‌ಕ್ಯಾಟ್ ಫ್ಯೂಸು, ಪಕ್ಕದಲ್ಲಿ ಕಬ್ಬಿಣದ ಮೈನ್ ಸ್ವಿಚ್. ಫ್ಯೂಸ್ ಹೋದಾಗಲೆಲ್ಲ ಕೈಗೆ ಸಿಕ್ಕ ವೈರಿನ ಎಳೆ ಸುತ್ತಿ ಸುತ್ತಿ, ಕೊನೆಗೆ ಅದು ಫ್ಯೂಸಾಗಿ ಉಳಿದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಆ ಕಾಲದ ರೂಢಿಯಂತೆ ನ್ಯೂಟ್ರಲ್‌ಗೂ, ಅಂದರೆ ಕರೆಂಟು ವಾಪಸ್ ಹೋಗುವ ವೈರಿಗೂ, ಒಂದು ಫ್ಯೂಸ್ ಇತ್ತು. ನ್ಯೂಟ್ರಲ್ ಫ್ಯೂಸ್ ಹೋದರೆ ಬಲ್ಬ್ ಆರುತ್ತದೆ, ಕರೆಂಟ್ ಇಲ್ಲ ಅಂದುಕೊಂಡು ನಾವು ಹೋಲ್ಡರ್‌ಗೆ ಕೈ ಹಾಕುತ್ತೇವೆ. ಕರೆಂಟು ತರುವ ಫೇಸ್ ವೈರ್ ಮಾತ್ರ ಅಲ್ಲೇ ಕಾದಿರುತ್ತದೆ. ಬಚ್ಚಲಿಗೆ ಗೀಸರ್ ಹಾಕಿದ ವರ್ಷ ಹಲಗೆಯ ಹಿಂದೆ ಸುಟ್ಟ ವಾಸನೆ ಬಂತು. ಕಳಚಿ ನೋಡಿದರೆ ಅಂಗೈ ಅಗಲ ಮರ ಕಪ್ಪಾಗಿತ್ತು. ಆಗ ಬದಲಿಸಿದ್ದು.

ಹೊಸ ಬೋರ್ಡ್ ದೋಷ ತಂದಿರಲಿಲ್ಲ. ಇದ್ದದ್ದನ್ನು ತೋರಿಸಿಕೊಟ್ಟಿತು. ಆದರೆ ಅದು ಗೊತ್ತಾಗಲು ನಮಗೆ ಹದಿನೈದು ದಿನ ಹಿಡಿಯಿತು. ನಿಮಗೆ ಅಷ್ಟು ಹಿಡಿಯದಿರಲಿ ಎಂದು ಹುಡುಕಿದ ದಾರಿಯನ್ನು, ತಪ್ಪಿದ ದಾರಿಯನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಕೈ ಹಾಕುವ ಮುಂಚೆ

ಬೋರ್ಡಿನ ಮುಖದ ಮೇಲಿರುವ ಸ್ವಿಚ್ ಎತ್ತುವುದು, ಇಳಿಸುವುದು, ಪ್ಲಗ್ ಕೀಳುವುದು, ಇಷ್ಟು ಮನೆಯವರ ಕೆಲಸ. ಮುಚ್ಚಳದ ಸ್ಕ್ರೂ ಬಿಚ್ಚಿದ ಮೇಲಿನದ್ದು ಲೈಸೆನ್ಸ್ ಇರುವವರ ಕೆಲಸ. ಮೈನ್ ಆಫ್ ಮಾಡಿದರೂ ಯುಪಿಎಸ್ ಇರುವ ಮನೆಯಲ್ಲಿ ಬೋರ್ಡಿನೊಳಗೆ 230 ವೋಲ್ಟ್ ಜೀವಂತ ಇರುತ್ತದೆ, ಅದನ್ನೂ ಆಫ್ ಮಾಡಿ ನಿಲ್ಲಿಸಬೇಕು. ಒದ್ದೆ ಕಾಲಲ್ಲಿ, ಒದ್ದೆ ನೆಲದಲ್ಲಿ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮ ಮನೆಯ ನೆಲ ಯಾವಾಗ ಒಣಗಿರುತ್ತದೆ ಎಂದು ಕೇಳಬೇಡಿ. ಒಂದು ಮರದ ಮಣೆ ಹಾಕಿಕೊಂಡು ನಿಲ್ಲಿ.

ಇನ್ನೊಂದು. ಒಂದು ಕೋಣೆಯ ಬಲ್ಬ್ ಧಗಧಗ ಉರಿದು ಇನ್ನೊಂದು ಕೋಣೆಯದು ಮಂಕಾದರೆ, ಪರೀಕ್ಷೆ ಗಿರೀಕ್ಷೆ ಏನೂ ಮಾಡಬೇಡಿ, ಮೊದಲು ಮೈನ್ ಇಳಿಸಿ. ಅದು ನ್ಯೂಟ್ರಲ್ ತುಂಡಾದ ಲಕ್ಷಣ. ಮೂರು ಫೇಸ್ ಇರುವ ಮನೆಯಲ್ಲಿ ಆಗ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಫ್ರಿಜ್, ಟಿವಿ ಒಂದೇ ನಿಮಿಷದಲ್ಲಿ ಹೋಗುತ್ತವೆ. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನ ಜಿಲ್ಲೆಗೆ ಸೆಸ್ಕ್, ಎರಡಕ್ಕೂ ದೂರಿನ ನಂಬರ್ 1912.

ಬಿದ್ದದ್ದು ಯಾವುದು?

"ಟ್ರಿಪ್ ಆಯ್ತು" ಎಂದರೆ ಎಲೆಕ್ಟ್ರಿಷಿಯನ್‌ಗೆ ಏನೂ ಹೇಳಿದಂತಾಗುವುದಿಲ್ಲ. ಬೋರ್ಡಿನಲ್ಲಿ ಎರಡು ಜಾತಿಯ ಸ್ವಿಚ್ ಇರುತ್ತವೆ. ಸಣ್ಣ ಸಣ್ಣವು ಎಂಸಿಬಿ, ಒಂದೊಂದು ಲೈನಿಗೆ ಒಂದೊಂದು, ಕರೆಂಟು ಮಿತಿ ಮೀರಿದರೆ ಬೀಳುವಂಥವು. ಒಂದು ಅಗಲದ್ದು, ಮುಖದ ಮೇಲೆ ಟೆಸ್ಟ್ ಅಂತ ಗುಂಡಿ ಇರುವುದು, ಆರ್‌ಸಿಸಿಬಿ.

ಎಂಸಿಬಿ ಬಿದ್ದರೆ ಕೆಲಸ ಸುಲಭ. ಸ್ವಿಚ್ ಹಾಕಿದ ತಕ್ಷಣ ಬಿದ್ದರೆ ಆ ಲೈನಿನಲ್ಲಿ ಶಾರ್ಟ್ ಆಗಿದೆ. ಐದು, ಹತ್ತು ನಿಮಿಷ ನಡೆದು ಬಿದ್ದರೆ ಲೋಡ್ ಜಾಸ್ತಿ ಆಗಿದೆ, ಇಲ್ಲವೇ ಎಂಸಿಬಿಯ ಸ್ಕ್ರೂ ಸಡಿಲವಾಗಿ ಅಲ್ಲೇ ಬಿಸಿಯೇರುತ್ತಿದೆ. 3 ಕಿಲೋವ್ಯಾಟ್ ಗೀಸರ್ ಎಳೆಯುವುದು 13 ಆಂಪಿಯರ್. ಅದರ ಜತೆ ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದರೆ 16 ಆಂಪಿಯರ್ ಎಂಸಿಬಿ ಸ್ವಲ್ಪ ಹೊತ್ತಿಗೆ ಬೀಳಬಹುದು. ಆಗ 16 ತೆಗೆದು 32 ಹಾಕಿಸುವವರಿದ್ದಾರೆ. ಎಂಸಿಬಿ ಕಾಯುವುದು ಗೀಸರನ್ನಲ್ಲ, ಗೋಡೆಯೊಳಗಿನ ವೈರನ್ನು. ವೈರ್ ಅದೇ ಇದ್ದು ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ ಮುಂದಿನ ಸಲ ಬೀಳುವುದಿಲ್ಲ, ಸುಡುತ್ತದೆ.

ನಮ್ಮಲ್ಲಿ ಬೀಳುತ್ತಿದ್ದದ್ದು ಆರ್‌ಸಿಸಿಬಿ. ಅದರ ಕಥೆಯೇ ಬೇರೆ.

ರೈಟರ್ ಲೆಕ್ಕ

ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರನ್ನು ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಇಪ್ಪತ್ತು ಆಳು ಒಳಗೆ ಕಳಿಸಿದರೆ ಸಂಜೆ ಇಪ್ಪತ್ತೇ ಆಳು ವಾಪಸ್ ಬರಬೇಕು. ಆರ್‌ಸಿಸಿಬಿ ಮಾಡುವುದು ಅದೇ ಲೆಕ್ಕ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತೇ? ಕಡಿಮೆ ಬಂದರೆ ಅಷ್ಟು ಎಲ್ಲೋ ಗೋಡೆಗೆ, ನೆಲಕ್ಕೆ, ಇಲ್ಲವೇ ಮನುಷ್ಯನ ಮೈಗೆ ಹರಿದಿದೆ ಎಂದರ್ಥ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. ವ್ಯತ್ಯಾಸ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು, 30ಕ್ಕೆ ಬೀಳಲೇಬೇಕು.

ಕರೆಂಟು ಎಷ್ಟು ಜಾಸ್ತಿ ಎಂದು ಅದು ನೋಡುವುದಿಲ್ಲ. ಅದಕ್ಕೇ ಜತೆಗೆ ಎಂಸಿಬಿ ಬೇಕು. ಇನ್ನೂ ಒಂದು ವಿಷಯ, ಇದೇ ಮುಂದೆ ಕೆಲಸಕ್ಕೆ ಬರುವುದು: ಆಳು ಕಡಿಮೆಯಾದ ಕಾರಣ ಏನೇ ಇರಲಿ, ರೈಟರ್‌ಗೆ ಸಿಟ್ಟು ಬರುತ್ತದೆ. ಫೇಸ್ ಸೋರಿದರೂ ಬೀಳುತ್ತದೆ, ನ್ಯೂಟ್ರಲ್ ಸೋರಿದರೂ ಬೀಳುತ್ತದೆ.

ಮೊದಲ ದಿನದ ಎಡವಟ್ಟು

ಹೊಸ ಬೋರ್ಡ್ ಕೂರಿಸಿದ ದಿನವೇ ಒಂದು ಸಲ ಬಿದ್ದಿತ್ತು. ಹಾಲ್‌ನ ಒಂದು 9 ವ್ಯಾಟಿನ ಬಲ್ಬ್ ಹಾಕಿದರೆ ಸಾಕು, ಟಕ್. ಅದರ ಕಾರಣ ಬೇಗ ಸಿಕ್ಕಿತು. ಯುಪಿಎಸ್‌ಗೆ ಫೇಸನ್ನು ಆರ್‌ಸಿಸಿಬಿಯ ಮುಂಚೆಯೇ ತೆಗೆದುಕೊಂಡಿದ್ದರು. ಆದರೆ ಯುಪಿಎಸ್‌ನ ಬಲ್ಬುಗಳ ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿಯ ನಂತರ, ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿಗೆ ಹೋಗಿತ್ತು. ಅಂದರೆ ರೈಟರ್ ಕಣ್ಣಿಗೆ ಬೀಳದೆ ಹಿತ್ತಲ ಬೇಲಿ ದಾಟಿ ಒಳಗೆ ಹೋದ ಆಳು, ಸಂಜೆ ಗೇಟಿನಲ್ಲಿ ಹೊರಗೆ ಬಂದ ಹಾಗೆ. 9 ವ್ಯಾಟ್ ಎಂದರೆ ಸುಮಾರು 40 ಮಿಲಿಆಂಪಿಯರ್. ಬೀಳದೆ ಏನು ಮಾಡುತ್ತದೆ? ಯುಪಿಎಸ್ ಫೇಸನ್ನೂ ಆರ್‌ಸಿಸಿಬಿಯ ನಂತರಕ್ಕೆ ಬದಲಿಸಿದರು, ಸರಿಹೋಯಿತು.

ಯುಪಿಎಸ್ ಇರುವ ಮನೆಗೆ ಹೊಸದಾಗಿ ಆರ್‌ಸಿಸಿಬಿ ಹಾಕಿ, ಮೊದಲ ದಿನವೇ ಬಿದ್ದರೆ ನೂರಕ್ಕೆ ನೂರು ಅಲ್ಲದಿದ್ದರೂ, ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ನಮಗೆ ತೊಂದರೆಯಾದದ್ದು ಬೇರೆ ರೀತಿ. ಒಂದು ಸಲ ಯುಪಿಎಸ್ ಕಳ್ಳ ಎಂದು ಗೊತ್ತಾಗಿದ್ದರಿಂದ ಜುಲೈನಲ್ಲೂ ಅದನ್ನೇ ಹಿಡಿದು ಬಡಿದೆವು. ಬಿಚ್ಚಿದೆವು, ಬೇರೆ ಮನೆಯದು ತಂದು ಹಾಕಿದೆವು, ಪೂರ್ತಿ ಕಳಚಿಯೂ ಇಟ್ಟೆವು. ಸಂಜೆ ಆರೂವರೆಗೆ ಮತ್ತೆ ಟಕ್. ಒಂದು ವಾರ ಹೀಗೇ ಹೋಯಿತು.

ಒಂದೊಂದಾಗಿ ಎತ್ತುವುದು

ಎಂಸಿಬಿಗಳನ್ನೆಲ್ಲ ಇಳಿಸಿ. ಆರ್‌ಸಿಸಿಬಿ ಎತ್ತಿ. ನಿಂತಿತೇ? ಈಗ ಎಂಸಿಬಿಗಳನ್ನು ಒಂದೊಂದಾಗಿ, ನಡುವೆ ಒಂದೆರಡು ನಿಮಿಷ ಬಿಟ್ಟು, ಎತ್ತುತ್ತಾ ಬನ್ನಿ. ಒಂದನ್ನು ಎತ್ತಿದ ಕೂಡಲೇ ಬಿದ್ದರೆ ಆ ಲೈನಿನಲ್ಲಿ ಫೇಸ್ ಸೋರುತ್ತಿದೆ. ಆ ಲೈನಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೆ ಎತ್ತಿ. ಈಗ ನಿಂತರೆ ದೋಷ ಯಾವುದೋ ಉಪಕರಣದಲ್ಲಿ, ಆಗಲೂ ಬಿದ್ದರೆ ವೈರಿನಲ್ಲಿ.

ಉಪಕರಣ ಎಂದರೆ ಮೊದಲ ಅನುಮಾನ ಗೀಸರಿನ ಕಾಯಿಲ್ ಮೇಲೆ. ಹೊರಗಿನ ಕವಚ ಬಿರುಕುಬಿಟ್ಟು ನೀರು ಒಳಗೆ ಹೋದರೆ ಸೋರಲು ಶುರು. ಆಮೇಲೆ ಪಂಪು, ವಾಷಿಂಗ್ ಮೆಷಿನ್, ಹಳೇ ಮಿಕ್ಸಿ. ಕಂಪ್ಯೂಟರ್, ಟಿವಿಯಂಥವು ಚೆನ್ನಾಗಿದ್ದರೂ ಸ್ವಲ್ಪ ಸ್ವಲ್ಪ ಸೋರುವುದು ಸಹಜ, ಒಂದೊಂದು ಮಿಲಿಆಂಪಿಯರ್ ಲೆಕ್ಕದಲ್ಲಿ. ಹತ್ತಾರು ಸೇರಿದರೆ ಅದೇ ಅರ್ಧ ದಾರಿ ಆಗಿಬಿಡುತ್ತದೆ. ಆಗ ಯಾವುದೋ ಒಂದು ಒದ್ದೆ ಪ್ಲಗ್ ಸಾಕು, ಉಳಿದರ್ಧ ದಾರಿ ಮುಗಿಯಲು. ಇಂಥ ಮನೆಯಲ್ಲಿ "ಕಳ್ಳ" ಒಬ್ಬನೇ ಇರುವುದಿಲ್ಲ.

ಸ್ವಿಚ್ ಬೋರ್ಡುಗಳ ಒಳಗೂ ನೋಡಿಸಿ. ಹೊರಗೋಡೆಯ ಬೋರ್ಡುಗಳಲ್ಲಿ ಇರುವೆ ಗೂಡು ಕಟ್ಟಿ ಮಣ್ಣು ತುಂಬಿರುತ್ತದೆ, ಹಲ್ಲಿ ಸತ್ತಿರುತ್ತದೆ. ಒಣಗಿದ್ದಾಗ ಮಣ್ಣು ಏನೂ ಮಾಡುವುದಿಲ್ಲ. ಮಳೆಯ ಶೀತ ಹಿಡಿದರೆ ಅದೇ ದಾರಿ.

ನಮ್ಮಲ್ಲಿ ಈ ಪರೀಕ್ಷೆ ಕೈಕೊಟ್ಟಿತು. ಯಾವ ಎಂಸಿಬಿ ಎತ್ತಿದರೂ ನಿಲ್ಲುತ್ತಿತ್ತು. ಗೀಸರ್ ಹಾಕಿದರೆ ಬೀಳುತ್ತಿತ್ತು, ಹಾಗಾಗಿ ಗೀಸರ್ ಅಂದುಕೊಂಡೆವು. ಗೀಸರ್ ಕಳಚಿ ಅದೇ ಲೈನಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದೆವು, ಆಗಲೂ ಬಿತ್ತು. ಸರಿ, ಲೈನೇ ಕೆಟ್ಟಿದೆ ಎಂದು ಇಸ್ತ್ರಿ ಪೆಟ್ಟಿಗೆಯನ್ನು ಅಡುಗೆಮನೆಗೆ ಒಯ್ದರೆ ಅಲ್ಲೂ ಬಿತ್ತು. ಮಧ್ಯಾಹ್ನ ಮಾತ್ರ ಎಷ್ಟೋ ಸಲ ಏನೂ ಆಗುತ್ತಿರಲಿಲ್ಲ. ಒಂದು ಸಂಜೆಯಂತೂ ಎಲ್ಲ ಎಂಸಿಬಿ ಇಳಿಸಿದ್ದಾಗಲೇ, ಮನೆಯಲ್ಲಿ ಒಂದು ಬಲ್ಬೂ ಉರಿಯದಿದ್ದಾಗ, ನಮ್ಮ ಕಣ್ಣೆದುರೇ ಆರ್‌ಸಿಸಿಬಿ ಬಿತ್ತು. ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದರು.

"ಆರ್‌ಸಿಸಿಬಿಯೇ ಕೆಟ್ಟಿರಬೇಕು, ಬೈಪಾಸ್ ಮಾಡಿಬಿಡೋಣ" ಎಂದರು ಬೋರ್ಡ್ ಹಾಕಿದವರು. ಎರಡು ವೈರ್ ನೇರ ಸೇರಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ. ಎಷ್ಟು ಮನೆಗಳಲ್ಲಿ ಹೀಗೆ ಮಾಡಿ ಆರ್‌ಸಿಸಿಬಿ ಸುಮ್ನೆ ಅಲಂಕಾರಕ್ಕೆ ಕೂತಿದೆಯೋ. ಬೇರೆ ಹೊಸ ಆರ್‌ಸಿಸಿಬಿ ಹಾಕಿ ನೋಡಿ, ಅದೂ ಬಿದ್ದರೆ ಹುಡುಕೋಣ ಎಂದೆ. ಹಾಕಿದರು. ಅದೂ ಬಿತ್ತು.

ಆಫ್ ಆಗಿದ್ದ ಲೈನೇ ಕಳ್ಳ

ಎಲ್ಲ ಎಂಸಿಬಿ ಇಳಿಸಿದರೂ ಬೀಳುವುದು ಹೇಗೆ? ಉತ್ತರ ಎಂಸಿಬಿಯಲ್ಲೇ ಇತ್ತು. ಮನೆಗಳಲ್ಲಿ ಹಾಕುವ ಸಾಮಾನ್ಯ ಎಂಸಿಬಿ ಒಂಟಿ ಕಂಬದ್ದು (ಸಿಂಗಲ್ ಪೋಲ್). ಅದು ಫೇಸನ್ನು ಮಾತ್ರ ಕತ್ತರಿಸುತ್ತದೆ. ಆ ಲೈನಿನ ನ್ಯೂಟ್ರಲ್ ಯಾವಾಗಲೂ ನ್ಯೂಟ್ರಲ್ ಪಟ್ಟಿಗೆ ಅಂಟಿಕೊಂಡೇ ಇರುತ್ತದೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ವೈರ್ ಅರ್ಥಿಂಗ್‌ಗೆ (ನೆಲಕ್ಕೆ ಸೇರಿಸಿದ ವೈರಿಗೆ) ತಾಗಿದ್ದರೆ, ಆ ಲೈನನ್ನು ನೀವು ಆಫ್ ಮಾಡಿದರೂ ದೋಷ ಆಫ್ ಆಗುವುದಿಲ್ಲ.

ಆದರೆ ನ್ಯೂಟ್ರಲಿನಲ್ಲಿ ವೋಲ್ಟೇಜ್ ಇರುವುದಿಲ್ಲ ಅಲ್ವಾ, ಸೋರಲು ಏನಿದೆ? ಪೂರ್ತಿ ಸೊನ್ನೆ ಇರುವುದಿಲ್ಲ, ಅದೇ ಸಂಗತಿ. ಟ್ರಾನ್ಸ್‌ಫಾರ್ಮರಿನ ಹತ್ತಿರ ನ್ಯೂಟ್ರಲ್ ನೆಲಕ್ಕೆ ಸೇರಿರುತ್ತದೆ. ಅಲ್ಲಿಂದ ನಮ್ಮ ಮನೆ ತನಕ ತಂತಿ ಬಂದಿದೆ, ಅದಕ್ಕೂ ಅದರದೇ ತಡೆ ಇದೆ. ಕರೆಂಟು ವಾಪಸ್ ಹರಿಯುವಾಗ ಆ ತಡೆಯಿಂದ ನಮ್ಮ ಮನೆಯ ನ್ಯೂಟ್ರಲ್ ನೆಲಕ್ಕಿಂತ ಕೆಲವು ವೋಲ್ಟ್ ಮೇಲೆ ಕೂರುತ್ತದೆ. ನಾವು ಅಳೆದಾಗ ಮಧ್ಯಾಹ್ನ 1 ವೋಲ್ಟ್ ಆಸುಪಾಸು, ಸಂಜೆ 4. ಲೋಡ್ ನಮ್ಮದೇ ಆಗಬೇಕಿಲ್ಲ. ಸಂಜೆ ಆರೂವರೆಗೆ ಊರವರೆಲ್ಲ ಲೈಟ್ ಹಾಕಿ, ಗೀಸರ್ ಹಾಕಿ, ಟಿವಿ ಹಾಕುತ್ತಾರೆ, ಅದೇ ತಂತಿಯಲ್ಲಿ. 4 ವೋಲ್ಟಿಗೆ ದಾರಿಯ ಒಟ್ಟು ತಡೆ 130 ಓಮ್‌ಗಿಂತ ಕಡಿಮೆ ಇದ್ದರೆ 30 ಮಿಲಿಆಂಪಿಯರ್ ಹರಿದೇಬಿಡುತ್ತದೆ. ಅಪ್ಪ "ಆರೂವರೆ ಪಿಶಾಚಿ" ಎಂದು ಕರೆಯುತ್ತಿದ್ದದ್ದು ಇದನ್ನೇ.

ಬೇಸಿಗೆಯಲ್ಲಿ ಯಾಕೆ ಬೀಳಲಿಲ್ಲ? ಮೇ ತಿಂಗಳಲ್ಲಿ ಅರ್ಥ್ ಗುಂಡಿ ಒಣಗಿರುತ್ತದೆ, ಅದರ ತಡೆಯೇ ಜಾಸ್ತಿ, ಸೋರಿಕೆಗೆ ದಾರಿ ಇಕ್ಕಟ್ಟು. ಮಳೆ ಹಿಡಿದ ಮೇಲೆ ಗುಂಡಿ ತೊಯ್ದು ದಾರಿ ಅಗಲವಾಯಿತು, ಜತೆಗೆ ಒಳಗೆಲ್ಲೋ ಜಾಯಿಂಟ್ ತೊಯ್ಯಿತು.

ಇದನ್ನು ಹಿಡಿಯುವ ಬಗೆ ಹೀಗೆ. ಮೈನ್ ಆಫ್, ಯುಪಿಎಸ್ ಆಫ್. ಪ್ಲಗ್‌ಗಳೆಲ್ಲ ಹೊರಗೆ, ಎಲ್‌ಇಡಿ ಬಲ್ಬ್‌ಗಳೂ ಹೋಲ್ಡರಿನಿಂದ ಹೊರಗೆ. ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ವೈರ್ ಬಿಡಿಸಿ, ಅದಕ್ಕೂ ಅರ್ಥಿಂಗ್‌ಗೂ ನಡುವೆ ಮೆಗ್ಗರ್‌ನಿಂದ (ವೈರಿನ ಹೊದಿಕೆ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) 500 ವೋಲ್ಟಿನಲ್ಲಿ ಅಳೆಯಬೇಕು. ಕಡಿಮೆ ಎಂದರೂ 1 ಮೆಗಾಓಮ್ ಇರಬೇಕು, ಒಳ್ಳೆಯ ವೈರಿನಲ್ಲಿ ಹತ್ತಾರು ತೋರಿಸುತ್ತದೆ. ಬಲ್ಬು, ಸರ್ಜ್ (ವೋಲ್ಟೇಜಿನ ದಿಢೀರ್ ಹೊಡೆತ) ತಡೆಯುವ ಸಾಧನ, ಯುಪಿಎಸ್ ಇವುಗಳನ್ನು ಕಳಚದೆ ಮೆಗ್ಗರ್ ತಿರುಗಿಸಿದರೆ ಅವು ಹಾಳಾಗಬಹುದು, ಅಳತೆಯೂ ಸುಳ್ಳಾಗುತ್ತದೆ. ಬಲ್ಬುಗಳನ್ನು ಬಿಚ್ಚುವುದು ಬೇಜಾರಿನ ಕೆಲಸ, ನನಗೆ ಗೊತ್ತು. ನಮ್ಮಲ್ಲಿ ಇಪ್ಪತ್ತಾರು ಇದ್ದವು.

ಮೆಗ್ಗರ್ ಇರುವವರನ್ನು ಚಿಕ್ಕಮಗಳೂರಿನಿಂದ ಕರೆಸಿದೆವು. ಹಾಲ್ ಸರಿ. ಅಡುಗೆಮನೆ ಸರಿ. ಬಚ್ಚಲು ಸರಿ. ಏಳನೆಯ ವೈರಿಗೆ ಮುಳ್ಳು ಸೊನ್ನೆಗೆ ಬಂದು ಮಲಗಿತು.

ಅದು ಕಣದ ಲೈಟಿನ ಲೈನು. ಕಾಫಿ ಒಣಗಿಸುವ ಕಣಕ್ಕೆ ಒಂದು ಫ್ಲಡ್‌ಲೈಟ್ ಇದೆ, ಡಿಸೆಂಬರ್, ಜನವರಿಯಲ್ಲಿ ರಾತ್ರಿ ಕಾಫಿ ರಾಶಿ ಮಾಡಿ ಮುಚ್ಚಲು. ಫೆಬ್ರವರಿ ಮೇಲೆ ಅದರ ಎಂಸಿಬಿ ಇಳಿಸಿಯೇ ಇಟ್ಟಿರುತ್ತೇವೆ. ಆಫ್ ಆಗಿರುವ ಲೈನಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಕಣದ ಮೂಲೆಯ ಕಂಬದಲ್ಲಿ ಒಂದು ಜಂಕ್ಷನ್ ಪೆಟ್ಟಿಗೆ, ಪೈಪ್ ಮೇಲಿನಿಂದ ಒಳಗೆ ಬಂದಿದೆ. ಮುಚ್ಚಳ ತೆಗೆದರೆ ಅರ್ಧ ಪೆಟ್ಟಿಗೆ ನೀರು. ಒಳಗೆ ಟೇಪ್ ಸುತ್ತಿದ ಜಾಯಿಂಟು, ಟೇಪಿನ ಅಂಟು ಬಿಟ್ಟು, ನ್ಯೂಟ್ರಲ್ ತಾಮ್ರ ಹಸಿರು ಕಟ್ಟಿ, ಅರ್ಥ್ ವೈರಿನ ಜಾಯಿಂಟಿಗೆ ಒರಗಿ ಕೂತಿತ್ತು.

ಮೆಗ್ಗರ್ ಇಲ್ಲದವರಿಗೂ ಒಂದು ಸುಳಿವು ಇದೆ. ಬೀಳುವುದು ಯಾವ ಲೈನು ಎಂಬುದರ ಮೇಲೆ ನಿಂತಿಲ್ಲ, ಎಷ್ಟು ದೊಡ್ಡ ಲೋಡ್ ಎಂಬುದರ ಮೇಲೆ ನಿಂತಿದೆ ಅನ್ನಿಸಿದರೆ, ಎಲ್ಲ ಇಳಿಸಿದರೂ ಒಮ್ಮೊಮ್ಮೆ ಬಿದ್ದರೆ, ಅದು ನ್ಯೂಟ್ರಲ್ ಸೋರಿಕೆ. ಎಲೆಕ್ಟ್ರಿಷಿಯನ್ ಬಂದಾಗ ಈ ಒಂದು ಮಾತು ಹೇಳಿ, ಅರ್ಧ ದಿನದ ಕೂಲಿ ಉಳಿಯುತ್ತದೆ.

ಸರಿ ಮಾಡಿದ್ದು

ಪೆಟ್ಟಿಗೆ ಬದಲಿಸಿ, ರಬ್ಬರ್ ಸೀಲ್ ಇರುವ, ಧೂಳು ನೀರು ಒಳಗೆ ಬಿಡದ ಐಪಿ 65 ದರ್ಜೆಯದನ್ನು ಹಾಕಿಸಿದೆವು. ವೈರ್ ಈಗ ಕೆಳಗಿನಿಂದ ಒಳಗೆ ಹೋಗುತ್ತದೆ, ಹೋಗುವ ಮುಂಚೆ ಒಂದು ಜೋಲು ಬಿಟ್ಟಿದ್ದಾರೆ. ನೀರು ವೈರ್ ಹಿಡಿದು ಬಂದರೂ ಜೋಲಿನ ತಳದಿಂದ ತೊಟ್ಟಿಕ್ಕಿ ಹೋಗುತ್ತದೆ. ಟೇಪ್ ಜಾಯಿಂಟ್ ಬದಲು ಸ್ಕ್ರೂ ಕನೆಕ್ಟರ್. ಕಣದ ಲೈನಿಗೆ ಜೋಡಿ ಕಂಬದ ಎಂಸಿಬಿ, ಇಳಿಸಿದರೆ ಫೇಸ್ ನ್ಯೂಟ್ರಲ್ ಎರಡೂ ಬಿಡುವಂಥದ್ದು. ಮಲೆನಾಡಿನಲ್ಲಿ ಮನೆಯ ಗೋಡೆ ದಾಟಿ ಹೊರಗೆ ಹೋಗುವ ಪ್ರತಿ ಲೈನಿಗೂ ಇದನ್ನೇ ಹಾಕಬೇಕು ಎಂಬುದು ಈಗ ನನ್ನ ಹಟ.

ಅರ್ಥ್ ಗುಂಡಿಯನ್ನೂ ಬಿಚ್ಚಿಸಿದೆವು. ಅದರ ಬಗ್ಗೆ ಒಂದು ಎಚ್ಚರಿಕೆ. ಡಿಜಿಟಲ್ ಮೀಟರಿನಲ್ಲಿ ಫೇಸ್‌ಗೂ ಅರ್ಥಿಂಗ್‌ಗೂ 230 ತೋರಿಸಿತು ಎಂದ ಮಾತ್ರಕ್ಕೆ ಅರ್ಥಿಂಗ್ ಚೆನ್ನಾಗಿದೆ ಎಂದಲ್ಲ. ಮೀಟರ್ ಎಳೆಯುವ ಕರೆಂಟು ಎಷ್ಟು ಕಡಿಮೆ ಎಂದರೆ ತುಕ್ಕು ಹಿಡಿದ ಗುಂಡಿಯೂ ಪಾಸಾಗುತ್ತದೆ. ಫೇಸ್‌ಗೂ ಅರ್ಥಿಂಗ್‌ಗೂ ನಡುವೆ 100 ವ್ಯಾಟಿನ ಬಲ್ಬ್ ಹಚ್ಚಿ ನೋಡುವ ಹಳೇ ಪದ್ಧತಿ ಇದೆ. ಅರ್ಥಿಂಗ್ ಕೆಟ್ಟಿದ್ದರೆ ಆ ಕ್ಷಣ ಮನೆಯ ಫ್ರಿಜ್, ಗೀಸರ್, ಮಿಕ್ಸಿ ಎಲ್ಲದರ ಮೈಗೂ ಕರೆಂಟ್ ಬರುತ್ತದೆ. ಅರ್ಥ್ ಟೆಸ್ಟರ್ ತರುವವರನ್ನೇ ಕರೆಸಿ. ನಮ್ಮ ಗುಂಡಿಯ ಪೈಪಿಗೆ ವೈರ್ ಕಟ್ಟಿದ ಬೋಲ್ಟು ಕೈಯಲ್ಲೇ ಪುಡಿಯಾಯಿತು.

ಅರ್ಥಿಂಗ್ ಇಲ್ಲದಿದ್ದರೂ ಆರ್‌ಸಿಸಿಬಿ ಕೆಲಸ ಮಾಡುತ್ತದೆ, ಆದರೆ ಮನುಷ್ಯ ಮುಟ್ಟಿದ ಮೇಲೆ. ಅರ್ಥಿಂಗ್ ಇದ್ದರೆ ಮುಟ್ಟುವ ಮುಂಚೆಯೇ ಬೀಳುತ್ತದೆ. ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಚೆನ್ನಾಗಿದೆ ಎಂದಷ್ಟೇ ಗೊತ್ತಾಗುತ್ತದೆ, ಅರ್ಥಿಂಗ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬೋರ್ಡ್ ಬದಲಿಸುವವರು ಕೇಳಿಕೊಳ್ಳಬೇಕಾದ್ದು

ನಾವು ಮಾಡಿದ ದೊಡ್ಡ ತಪ್ಪು, ಹಳೇ ವೈರನ್ನು ಅಳೆಯದೆ ಹೊಸ ಬೋರ್ಡ್ ಕೂರಿಸಿದ್ದು. ಬೋರ್ಡ್ ಕೂರಿಸುವ ದಿನವೇ ಪ್ರತಿ ಲೈನನ್ನೂ ಮೆಗ್ಗರ್ ಮಾಡಿ ಅಂಕಿ ಬರೆದಿಟ್ಟಿದ್ದರೆ ಹದಿನೈದು ದಿನ ಉಳಿಯುತ್ತಿತ್ತು.

ಎರಡನೆಯದು, ಇಡೀ ಮನೆಗೆ ಒಂದೇ ಆರ್‌ಸಿಸಿಬಿ. ಈಗ ಎರಡು ಮಾಡಿದ್ದೇವೆ. ಬಚ್ಚಲು, ಪಂಪು, ಕಣ, ಅಂಗಳದ ಲೈಟು ಒಂದಕ್ಕೆ. ಒಳಗಿನ ಲೈಟು, ಫ್ರಿಜ್, ಅಡುಗೆಮನೆ ಇನ್ನೊಂದಕ್ಕೆ. ಹೊರಗೆ ಒದ್ದೆಯಾದರೆ ಒಳಗೆ ಕತ್ತಲಾಗಬಾರದು. ಹೀಗೆ ಮಾಡಿಸುವಾಗ ನ್ಯೂಟ್ರಲ್ ಪಟ್ಟಿಯೂ ಎರಡು ಇರಲೇಬೇಕು. ಒಂದರ ಫೇಸು, ಇನ್ನೊಂದರ ನ್ಯೂಟ್ರಲ್ ಬೆರೆತರೆ ಎರಡೂ ಬೀಳುತ್ತವೆ. ಕೈಯಲ್ಲಿ ದುಡ್ಡಿದ್ದರೆ ಪ್ರತಿ ಲೈನಿಗೂ ಆರ್‌ಸಿಬಿಒ ಹಾಕಿಸಿ, ಎಂಸಿಬಿ ಮತ್ತು ಆರ್‌ಸಿಸಿಬಿ ಎರಡೂ ಒಂದರಲ್ಲೇ ಇರುತ್ತದೆ. ಯಾವ ಲೈನು ಕೆಟ್ಟಿತೋ ಅದೊಂದೇ ಬೀಳುತ್ತದೆ, ಹುಡುಕುವ ಕೆಲಸವೇ ಇಲ್ಲ. ಇಂಡಕ್ಷನ್ ಒಲೆ, ಇನ್ವರ್ಟರ್ ವಾಷಿಂಗ್ ಮೆಷಿನ್ ಇರುವ ಮನೆಗೆ ಎಸಿ ಟೈಪ್ ಆರ್‌ಸಿಸಿಬಿ ಬದಲು ಎ ಟೈಪಿನದು ಕೇಳಿ.

ವೈರಿನ ಲೆಕ್ಕ ಚಿಕ್ಕದು. ಲೈಟಿಗೆ ಒಂದೂವರೆ ಸ್ಕ್ವೇರ್ (ಚದರ ಮಿಲಿಮೀಟರ್), 16 ಆಂಪಿಯರ್ ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾನು ನಾಲ್ಕು ಹಾಕಿಸಿದೆ. ಹಳೇ ಮೇಸ್ತ್ರಿಗಳು ಹೇಳುವ ಮೂರು-ಇಪ್ಪತ್ತೆರಡು ವೈರು ಸುಮಾರು 1.2 ಸ್ಕ್ವೇರ್. ನಮ್ಮ ಗೀಸರ್ ಮೊದಲು ಓಡಿದ್ದು ಅದರಲ್ಲಿ, ಮರ ಕಪ್ಪಾಗದೆ ಇನ್ನೇನಾಗುತ್ತದೆ? ಹಳೇ ವೈರ್ ಅಲ್ಯೂಮಿನಿಯಂ ಆಗಿದ್ದರೆ ತಾಮ್ರಕ್ಕೆ ನೇರ ಸುತ್ತಿ ಸೇರಿಸಬಾರದು, ಆ ಜಾಯಿಂಟ್ ಶೀತದಲ್ಲಿ ಬೇಗ ಕೊಳೆಯುತ್ತದೆ. ಗೀಸರ್, ಇಂಡಕ್ಷನ್ ಸೇರಿಸಿದ ಮೇಲೆ ಬಿಲ್ಲಿನಲ್ಲಿರುವ ಮಂಜೂರಾದ ಲೋಡನ್ನೂ ಒಮ್ಮೆ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ.

ಸಿಡಿಲಿಗೆ ಟೈಪ್ 2 ಸರ್ಜ್ ಸಾಧನ. ಏಪ್ರಿಲ್, ಮೇ ಗುಡುಗಿನ ಕಾಲದಲ್ಲಿ ಲೈನಿನಲ್ಲಿ ಬರುವ ಹೊಡೆತಕ್ಕೆ ಅದು ಆಗುತ್ತದೆ. ಮನೆಯ ಮೇಲೇ ಬಿದ್ದ ಸಿಡಿಲಿಗೆ ಅಲ್ಲ.

ಬಿಲ್ ಕಡಿಮೆ ಆಗುತ್ತದೆಯೇ?

ಬೋರ್ಡ್ ಬದಲಿಸಿದರೆ ಬಿಲ್ ಇಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಸಡಿಲ ಜಾಯಿಂಟಿನಲ್ಲಿ 0.2 ಓಮ್ ತಡೆ ಇದ್ದು 13 ಆಂಪಿಯರ್ ಹರಿದರೆ ಅಲ್ಲಿ 34 ವ್ಯಾಟ್ ಬಿಸಿ. ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ ಒಂದು ಯೂನಿಟ್. ದುಡ್ಡಿನಲ್ಲಿ ಏನೂ ಅಲ್ಲ. ಆದರೆ ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯೂ ಹೆಚ್ಚುಕಮ್ಮಿ ಅಷ್ಟೇ ವ್ಯಾಟಿನದು. ಅದನ್ನು ಮರದ ಹಲಗೆಗೆ ಒತ್ತಿ ಹಿಡಿದ ಹಾಗೆ ಅದು.

ಫೇಸ್ ಸೋರಿಕೆ ಮಾತ್ರ ಬಿಲ್ಲಿಗೆ ಬರುತ್ತದೆ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ 100 ಮಿಲಿಆಂಪಿಯರ್ ಹಗಲೂ ರಾತ್ರಿ ಸೋರಿದರೆ 23 ವ್ಯಾಟ್, ತಿಂಗಳಿಗೆ 16 ಯೂನಿಟ್ ಮೇಲೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗಡಿಯಲ್ಲಿರುವ ಮನೆಗೆ ಈ 16 ದೊಡ್ಡದೇ.

ನಿಜವಾಗಿ ಉಳಿಯುವುದು ಗೀಸರಿನಲ್ಲಿ. 25 ಲೀಟರ್ ನೀರನ್ನು 18 ಡಿಗ್ರಿಯಿಂದ 45ಕ್ಕೆ ಕಾಯಿಸಲು ಮುಕ್ಕಾಲು ಯೂನಿಟ್‌ಗೂ ಸ್ವಲ್ಪ ಜಾಸ್ತಿ ಬೇಕು. ಮರೆತು ಇಡೀ ದಿನ ಹಾಕಿಟ್ಟರೆ ಕಾದ ನೀರು ಆರುತ್ತಾ, ಮತ್ತೆ ಕಾಯುತ್ತಾ ಇರುತ್ತದೆ. ಬೋರ್ಡಿನಲ್ಲೇ ಗೀಸರ್ ಲೈನಿಗೆ ಒಂದು ಟೈಮರ್ ಹಾಕಿಸಿದ್ದೇವೆ. ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ಬಯಲುಸೀಮೆಗೆ ಒಳ್ಳೆಯ ಮಾತು. ನಮ್ಮ ಕಡೆ ಫ್ಯಾನ್ ತಿರುಗುವುದೇ ಏಪ್ರಿಲ್‌ನಲ್ಲಿ ನಾಲ್ಕು ದಿನ. ಬಚ್ಚಲ ಹಂಡೆಯನ್ನು ಅಪ್ಪ ಇನ್ನೂ ತೆಗೆಯಲು ಬಿಟ್ಟಿಲ್ಲ, ತೋಟದ ಸೌದೆ ಇರುವ ತನಕ ಅವರದೇ ಸರಿ.

ಆಶ್ಲೇಷದಲ್ಲಿ ಇನ್ನೊಂದು ಸಲ

ಆಗಸ್ಟಿನಲ್ಲಿ, ಆಶ್ಲೇಷ ಮಳೆಗೆ, ಮತ್ತೆ ಬಿತ್ತು. ಈ ಸಲ ಹೊರಗಿನ ಆರ್‌ಸಿಸಿಬಿ ಮಾತ್ರ, ಒಳಗೆ ಟಿವಿ ಓಡುತ್ತಲೇ ಇತ್ತು. ಎಂಸಿಬಿಗಳ ಕೆಳಗೆ ಈಗ ಹೆಸರು ಬರೆದ ಚೀಟಿ ಅಂಟಿಸಿದ್ದೇವೆ, ಅಮ್ಮನೇ ಎಲ್ಲ ಇಳಿಸಿ ಒಂದೊಂದಾಗಿ ಎತ್ತಿದರು. ಮೂರನೆಯದು ಎತ್ತಿದ ಕೂಡಲೇ ಬಿತ್ತು. ಬಾವಿ ಪಂಪಿನದು. ಕೇಬಲ್ಲನ್ನು ಇಲಿ ಕಡಿದಿತ್ತು. ಅದನ್ನು ಇಳಿಸಿಟ್ಟು ಉಳಿದದ್ದೆಲ್ಲ ಎತ್ತಿದರು. ಹತ್ತು ನಿಮಿಷದ ಕೆಲಸ. ಕೇಬಲ್ ಬದಲಿಸಲು ಜನ ಬರುವುದು ಮಳೆ ಸ್ವಲ್ಪ ಬಿಟ್ಟ ಮೇಲೆ, ಅಲ್ಲಿ ತನಕ ಬಾವಿಯಿಂದ ಸೇದುವುದೇ.